ಮನೆಯ ಮೂಲೆಯಲ್ಲೊಂದು ಲೇತು

ಒಂದು ಪುಟ್ಟ ತಿರುಪಿನ ಸಂಗತಿಯಿಂದ ಈ ಮಾತನ್ನು ಪ್ರಾರಂಭಿಸುತ್ತೇನೆ. ಅದರ ಉದ್ದ ಅರ್ಧ ಅಂಗುಲವೂ ಇಲ್ಲ. ಅಂಗಡಿಯಲ್ಲಿ ಸಿಕ್ಕುವಂತಿದ್ದರೆ ಒಂದು ಲೋಟ ಕಾಫಿಯ ಬೆಲೆಗೆ ಬರಬಹುದಾಗಿದ್ದ ಸಾಮಾನು. ಸಿಕ್ಕಲಿಲ್ಲವಾದ ಕಾರಣ ಅದು ನನ್ನ ಐದು ಸಂಜೆಗಳನ್ನು ನುಂಗಿತು. ಜೊತೆಗೆ, ಈ ಕೆಲಸ ನನಗೆ ಚೆನ್ನಾಗಿ ಗೊತ್ತು ಎಂಬ ಭ್ರಮೆಯನ್ನೂ ಒಂದಿಷ್ಟು ನುಂಗಿತು.

ನಮ್ಮ ಎದುರು ಮನೆಯಲ್ಲಿ ಹೊಲಿಗೆಯಿಂದ ಸಂಸಾರ ತೂಗಿಸುವ ಹೆಣ್ಣುಮಗಳೊಬ್ಬರಿದ್ದಾರೆ. ಅವರ ಯಂತ್ರ ಅತ್ತೆಯ ಕಾಲದ್ದು, ಹೊರದೇಶದಲ್ಲಿ ತಯಾರಾದದ್ದು, ಕಾಲಿನಿಂದ ತುಳಿಯುವಂಥದ್ದು. ಒಂದು ದಿನ ಸಂಜೆ ಅವರು ಅಂಗೈಯಲ್ಲಿ ಏನನ್ನೋ ಮುಚ್ಚಿಕೊಂಡು ಬಂದು ನಿಂತರು. "ಮೇಷ್ಟ್ರೇ, ಯಂತ್ರ ಕಟಕಟ ಅಂತಿದೆ, ಹೊಲಿಗೆ ಸಡಿಲ ಬೀಳ್ತಿದೆ. ರಿಪೇರಿಯವನು ಇದನ್ನ ಬಿಚ್ಚಿಕೊಟ್ಟು, ಇದರ ಸಾಮಾನು ಈಗ ಬರೋಲ್ಲ, ಹೊಸಾ ಯಂತ್ರ ತಗೊಳ್ಳಿ ಅಂತಾನೆ. ಮದುವೆ ಮನೆಯವರ ಹನ್ನೊಂದು ರವಿಕೆ ಒಪ್ಪಿಕೊಂಡು ಕೂತಿದೀನಿ. ನಿಮ್ಮ ಆ ಮಿಶನ್‌ನಲ್ಲಿ ಇದೇನಾದರೂ ಆಗತ್ತಾ, ನೋಡಿ," ಎಂದರು.

ಅಂಗೈ ಬಿಚ್ಚಿದಾಗ ಕಂಡದ್ದು ಈ ತಿರುಪು. ಯಂತ್ರದ ತಲೆಯೊಳಗೆ ಪುಟ್ಟ ಸನ್ನೆಯೊಂದು ಇದರ ಮೇಲೆ ನಿಂತು ಆಡುತ್ತದೆ. ಆದುದರಿಂದ ಇದು ಮಾಮೂಲಿನ ತಿರುಪಲ್ಲ. ಒಂದು ತುದಿಗೆ ತಲೆ, ಇನ್ನೊಂದು ತುದಿಗೆ ತಿರುಪಿನ ಸುತ್ತುಗಳು, ಇವೆರಡರ ನಡುವೆ ನುಣ್ಣಗಿರುವ ಒಂದು ಭುಜ. ಸನ್ನೆ ಆಡುವುದು ಆ ಭುಜದ ಮೇಲೆ. ನಲವತ್ತು ಐವತ್ತು ವರ್ಷ ದುಡಿದು ಆ ಭುಜ ಒಂದು ಪಕ್ಕಕ್ಕೆ ಸವೆದು ಮೊಟ್ಟೆಯಾಕಾರಕ್ಕೆ ಬಂದಿತ್ತು. ನಾನು ಹಿಂದುಮುಂದು ನೋಡದೆ, "ನಾಳೆ ಸಂಜೆಗೆ ಕೊಡುತ್ತೇನೆ ತಾಯೀ," ಎಂದುಬಿಟ್ಟೆ.

"ಆ ಮಿಶನ್" ಎಂದು ಅವರು ಹೇಳಿದುದು ನನ್ನ ಹಿಂದಿನ ವರಾಂಡದ ಮೂಲೆಯಲ್ಲಿರುವ ಲೇತು. ಲೇತು ಎಂಬುದು ಕಾರ್ಖಾನೆಯ ಮಾತು. ನಮ್ಮ ಹಳೆಯ ಮಾತು ಕಡಸಲು. ಕುಂಬಾರನ ಚಕ್ರವನ್ನು ನೀವೆಲ್ಲ ನೋಡಿದ್ದೀರಿ. ಆ ಚಕ್ರವನ್ನು ಮಗುಚಿ ಅಡ್ಡಲಾಗಿ ನಿಲ್ಲಿಸಿ, ಮಣ್ಣಿನ ಬದಲು ಮರವನ್ನೋ ಲೋಹವನ್ನೋ ಅದಕ್ಕೆ ಕಚ್ಚಿಸಿ, ಬೆರಳಿನ ಬದಲು ಉಳಿಯನ್ನು ಹಿಡಿದರೆ ಅದೇ ಕಡಸಲು. ಚನ್ನಪಟ್ಟಣದ ಗೊಂಬೆಗಳು ಹುಟ್ಟುವುದು ಇಂಥ ಕಡಸಲಿನ ಮೇಲೆಯೇ. ಮರ ತಿರುಗುತ್ತಿರುವಾಗಲೇ ಅರಗಿನ ಬಣ್ಣವನ್ನು ಒತ್ತಿ ಹಿಡಿದರೆ ಕಾವಿಗೆ ಕರಗಿ ಮೈಗೆ ಹತ್ತುತ್ತದೆ. ಬೇಲೂರು ಹಳೇಬೀಡುಗಳ ಗುಡಿಗಳಲ್ಲಿ ಬಳೆ ಬಳೆಯಾಗಿ ದುಂಡಗೆ ಮಿನುಗುವ ಕಂಬಗಳನ್ನು ನೋಡಿದ್ದೀರಷ್ಟೆ. ಮೆದುವಾದ ಬಳಪದ ಕಲ್ಲನ್ನು ತಿರುಗಿಸಿ ಕಡೆದೇ ಅವುಗಳಿಗೆ ಆ ದುಂಡನ್ನು ತಂದರೆಂದು ಬಲ್ಲವರು ಹೇಳುತ್ತಾರೆ. ಬೇಲೂರಿನ ಗುಡಿಯ ಪ್ರತಿಷ್ಠೆಯಾದದ್ದು 1117ರಲ್ಲಿ. ಆದುದರಿಂದ ಕಡೆಯುವ ವಿದ್ಯೆ ನಮ್ಮ ನಾಡಿಗೆ ಹೊಸದೆಂದು ಯಾರೂ ತಿಳಿಯಬೇಕಾದುದಿಲ್ಲ.

ಹೊಸದೇನೆಂದರೆ ಲೋಹವನ್ನು ಕೂದಲೆಳೆಗಿಂತ ಸಣ್ಣ ಅಳತೆಗೆ ತಪ್ಪದೆ ಕಡೆಯುವುದು. ಮರ ಕಡೆಯುವವನು ಉಳಿಯನ್ನು ಕೈಯಲ್ಲೇ ಹಿಡಿಯುತ್ತಾನೆ. ಲೋಹಕ್ಕೆ ಕೈಯ ಹಿಡಿತ ಸಾಲದು. ಉಳಿಯನ್ನು ಒಂದು ಗಟ್ಟಿಯಾದ ಜಾರುಮಣೆಯ ಮೇಲೆ ಬಿಗಿದು, ಆ ಮಣೆಯನ್ನು ತಿರುಪಿನಿಂದ ಮುಂದಕ್ಕೂ ಹಿಂದಕ್ಕೂ ನಡೆಸುವ ಏರ್ಪಾಡು ಬೇಕು. ಈ ಜಾರುಮಣೆಯನ್ನೂ, ಅದನ್ನು ಲೇತಿನ ಉದ್ದಕ್ಕೆ ನಡೆಸುವ ತಿರುಪುಗೋಲನ್ನೂ, ಇವೆರಡನ್ನು ಜೋಡಿಸುವ ಹಲ್ಲುಚಕ್ರಗಳನ್ನೂ ಒಂದೇ ಯಂತ್ರದಲ್ಲಿ ಚೊಕ್ಕವಾಗಿ ಕೂಡಿಸಿ ಕೊಟ್ಟವನು ಇಂಗ್ಲೆಂಡಿನ ಹೆನ್ರಿ ಮಾಡ್ಸ್‌ಲೆ. ಅದು ಸುಮಾರು 1800ರ ಮಾತು. ಅಲ್ಲಿಯವರೆಗೆ ಒಬ್ಬನ ತಿರುಪು ಇನ್ನೊಬ್ಬನ ತೂತಿಗೆ ಹೊಂದುತ್ತಿರಲಿಲ್ಲ; ಪ್ರತಿಯೊಂದು ತಿರುಪಿಗೂ ಅದರದೇ ಜೋಡಿ. ಮಾಡ್ಸ್‌ಲೆ ತನ್ನ ಕಾರ್ಖಾನೆಯಲ್ಲಿ ಬಹಳ ಸೂಕ್ಷ್ಮವಾದ ಅಳತೆಯ ಯಂತ್ರವೊಂದನ್ನು ಇಟ್ಟಿದ್ದ. ಅದಕ್ಕೆ "ಲಾರ್ಡ್ ಚಾನ್ಸೆಲರ್" ಎಂದು ಹೆಸರು. ಅಂದರೆ ಮೇಲಿಲ್ಲದ ನ್ಯಾಯಾಧೀಶ. ಅಳತೆಯ ವಿಷಯದಲ್ಲಿ ವಾದ ಬಂದರೆ ಅದರ ತೀರ್ಪೇ ಕಡೆಯದು. ಅದೇ ಕಾರ್ಖಾನೆಯಲ್ಲಿ ಕೆಲಸ ಮಾಡಿದ ಜೋಸೆಫ್ ವಿಟ್‌ವರ್ತ್ 1841ರಲ್ಲಿ, ದೇಶಕ್ಕೆಲ್ಲ ಒಂದೇ ಬಗೆಯ ತಿರುಪಿರಲಿ ಎಂದು ಅಳತೆಗಳ ಪಟ್ಟಿಯನ್ನು ಮುಂದಿಟ್ಟ. ಇಂದು ನೀವು ಒಂದು ಅಂಗಡಿಯಲ್ಲಿ ಬೋಲ್ಟನ್ನೂ ಇನ್ನೊಂದು ಅಂಗಡಿಯಲ್ಲಿ ನಟ್ಟನ್ನೂ ಕೊಂಡು ಮನೆಯಲ್ಲಿ ಕೂಡಿಸಬಲ್ಲಿರಾದರೆ ಇಂಥವರ ಪುಣ್ಯದಿಂದ.

ಈ ವಿದ್ಯೆ ಕಾರ್ಖಾನೆಯಿಂದ ಮನೆಗೆ ಬಂದುದೂ ಅಲ್ಲಿಯೇ. 1898ರಲ್ಲಿ ಪರ್ಸಿವಲ್ ಮಾರ್ಷಲ್ ಎಂಬಾತ ಲಂಡನ್ನಿನಲ್ಲಿ "ಮಾಡೆಲ್ ಎಂಜಿನಿಯರ್" ಎಂಬ ಪತ್ರಿಕೆಯನ್ನು ಹೊರಡಿಸಿದ. ಹಗಲೆಲ್ಲ ಬೇರೆ ಉದ್ಯೋಗ ನೋಡಿಕೊಂಡು, ರಾತ್ರಿ ಮನೆಯ ಹಿತ್ತಲಿನ ಕೊಟ್ಟಿಗೆಯಲ್ಲಿ ಪುಟ್ಟ ಉಗಿಯಂತ್ರಗಳನ್ನು ಮಾಡುವ ಜನಕ್ಕಾಗಿಯೇ ಹುಟ್ಟಿದ ಪತ್ರಿಕೆ ಅದು. ನಮ್ಮಲ್ಲಿ ದೊಡ್ಡ ಕಾರ್ಖಾನೆಗಳ ಹಿಂದೆಯೂ ಇಂಥ ಕೈಚಪಲ ಇದ್ದೇ ಇದೆ. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ತೆರೆದದ್ದು ಒಂದು ಸೈಕಲ್ ಅಂಗಡಿ. ಅವರು ಮುಂದೆ ಮೇವು ಕತ್ತರಿಸುವ ಯಂತ್ರವನ್ನೂ ಕಬ್ಬಿಣದ ನೇಗಿಲನ್ನೂ ಮಾಡಿದರು. ಅವರ ಮನೆತನದ ಹೆಸರಿನ ಲೇತುಗಳು ಹರಿಹರದಲ್ಲಿ ತಯಾರಾಗಿ ದೇಶವನ್ನೆಲ್ಲ ಸುತ್ತಿದವು. 1953ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಹಿಂದುಸ್ತಾನ್ ಮೆಷಿನ್ ಟೂಲ್ಸ್ ಕಾರ್ಖಾನೆ ಕೈಗಡಿಯಾರಗಳಿಂದ ಮನೆಮಾತಾದದ್ದು ಆಮೇಲೆ. ಅದು ಮೊದಲು ಮಾಡಲು ಹೊರಟದ್ದು ಲೇತನ್ನು.

ಇಷ್ಟು ದೊಡ್ಡವರ ಹೆಸರು ಹೇಳಿದ ಮೇಲೆ ನನ್ನ ಲೇತಿನ ವಿಷಯ ಹೇಳಲು ಸಂಕೋಚವಾಗುತ್ತದೆ. ಅದೊಂದು ಹಳೆಯ, ಎರಡು ಕೈ ಬದಲಾಯಿಸಿದ, ಅಂಗುಲದ ಲೆಕ್ಕದ ಯಂತ್ರ. ಅದಕ್ಕೆ ಅರ್ಧ ಅಶ್ವಶಕ್ತಿಯ ಮೋಟಾರು. ಮೂರು ದವಡೆಗಳ ಒಂದು ಚಕ್ಕು. ಲೋಹದ ಸರಳನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯುವ ಭಾಗ ಅದೇ. ಪಕ್ಕದ ಬೆಂಚಿನ ಮೇಲೆ ಒಂದು ವೈಸ್, ನಾಲ್ಕು ಅರಗಳು, ಒಂದು ಹ್ಯಾಕ್ಸಾ, ಉಳಿ ಮಸೆಯುವ ಸಾಣೆಚಕ್ರ. ಇವೆಲ್ಲಕ್ಕಿಂತ ಹೆಚ್ಚು ಜೋಪಾನದಿಂದ, ಬಟ್ಟೆ ಸುತ್ತಿ ಪೆಟ್ಟಿಗೆಯಲ್ಲಿಟ್ಟಿರುವ ಒಂದು ಮೈಕ್ರೋಮೀಟರು.

ಮೈಕ್ರೋಮೀಟರಿನ ಒಳಗಿರುವುದೂ ಒಂದು ತಿರುಪೇ. ಅಂಗುಲದ ಲೆಕ್ಕದ್ದಾದರೆ ಆ ತಿರುಪಿಗೆ ಅಂಗುಲಕ್ಕೆ 40 ಸುತ್ತು. ಒಂದು ಪೂರ್ತಿ ಸುತ್ತು ತಿರುಗಿಸಿದರೆ ಅದು ಅಂಗುಲದ ನಲವತ್ತರಲ್ಲೊಂದು ಪಾಲು, ಅಂದರೆ ಸಾವಿರದಲ್ಲಿ 25 ಪಾಲು ಮುಂದೆ ಹೋಗುತ್ತದೆ. ತಿರುಗುವ ಕೊಳವೆಯ ಸುತ್ತ 25 ಗೆರೆಗಳನ್ನು ಕೊರೆದಿರುತ್ತಾರೆ. ಒಂದು ಗೆರೆಯಷ್ಟು ತಿರುಗಿಸಿದರೆ ಅಂಗುಲದ ಸಾವಿರದಲ್ಲೊಂದು ಪಾಲು. ಇದನ್ನೇ ಕಾರ್ಖಾನೆಯ ಜನ "ಒಂದು ಥೌ" ಎನ್ನುತ್ತಾರೆ. ನಮ್ಮ ತಲೆಗೂದಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ಥೌ ದಪ್ಪವಿರುತ್ತದೆ. ಇಷ್ಟು ಸಣ್ಣದು ಕಣ್ಣಿಗೆ ಕಾಣದು ನಿಜ. ಆದರೆ ಬೆರಳಿಗೆ ಗೊತ್ತಾಗುತ್ತದೆ, ಕಿವಿಗೂ ಗೊತ್ತಾಗುತ್ತದೆ. ಎದುರು ಮನೆಯ ಯಂತ್ರ ಕಟಕಟ ಎನ್ನುತ್ತಿದ್ದುದು ಬರಿಯ ಎಂಟು ಥೌ ಸಡಿಲಿಕೆಯಿಂದ.

ಆ ಸಂಜೆ ನಾನು ಮೊದಲು ಮಾಡಿದ ಕೆಲಸ ಅಳೆಯುವುದು. ಸವೆದ ಭುಜ 181 ಥೌ. ಸವೆಯದೆ ಉಳಿದಿದ್ದ ಬುಡದಲ್ಲಿ ಸುಮಾರು 187. ಅಂದರೆ ಅದು ಹುಟ್ಟಿದಾಗ ಅಂಗುಲದ ಹದಿನಾರರಲ್ಲಿ ಮೂರು ಪಾಲು. ಅದೇ ಅಳತೆಗೆ ಹೊಸದನ್ನು ಮಾಡಿದರೆ ಆಯಿತಲ್ಲ ಎಂದು ನಿಮಗೆ ತೋರಬಹುದು, ನನಗೂ ತೋರಿತು. ಆದರೆ ಆ ಭುಜ ಕೂರುವ ಸನ್ನೆಯ ತೂತು? ಅವರ ಮನೆಗೆ ಹೋಗಿ ಸನ್ನೆಯನ್ನೂ ಬಿಚ್ಚಿ ತಂದು ಅಳೆದಾಗ ಅದೂ ಸವೆದು 189 ಆಗಿತ್ತು. ಆದುದರಿಂದ ಈಗ ಬೇಕಾದ ಭುಜ 188: ತೂತಿಗಿಂತ ಒಂದೇ ಒಂದು ಥೌ ಕಡಮೆ. ಆ ಒಂದು ಥೌ ಎಣ್ಣೆಗೆ ಜಾಗ. ಭುಜದ ಉದ್ದವೂ ಹಾಗೆಯೇ ಸನ್ನೆಯ ದಪ್ಪಕ್ಕಿಂತ ಎರಡು ಥೌ ಹೆಚ್ಚಿರಬೇಕು. ಇಲ್ಲವಾದರೆ ತಿರುಪನ್ನು ಬಿಗಿದೊಡನೆ ಸನ್ನೆ ಕಚ್ಚಿಕೊಂಡು ನಿಲ್ಲುತ್ತದೆ. ಹಳೆಯ ಯಂತ್ರಕ್ಕೆ ಮನೆಯಲ್ಲಿ ಮಾಡಿದ ಭಾಗ ಒಪ್ಪುವುದು ಇದಕ್ಕಾಗಿಯೇ. ಅಂಗಡಿಯ ಭಾಗ ಯಂತ್ರ ಹುಟ್ಟಿದ ದಿನದ ಅಳತೆಯದು; ನಾವು ಮಾಡುವುದು ಅದರ ಇಂದಿನ ವಯಸ್ಸಿನ ಅಳತೆಯದು.

ಸರಿ, ಅಂಗುಲದ ಹದಿನಾರರಲ್ಲಿ ಐದು ಪಾಲು ದಪ್ಪದ ಒಂದು ಸಿಲ್ವರ್ ಸ್ಟೀಲ್ ಸರಳನ್ನು ಚಕ್ಕಿಗೆ ಕಚ್ಚಿಸಿದೆ. ಹೆಸರಿನಲ್ಲಿ ಬೆಳ್ಳಿಯಿದ್ದರೂ ಅದರಲ್ಲಿ ಬೆಳ್ಳಿಯಿಲ್ಲ. ನೂರಕ್ಕೆ ಒಂದು ಪಾಲಿನಷ್ಟು ಇಂಗಾಲವಿರುವ, ನಯವಾಗಿ ಉಜ್ಜಿದ, ಕಾಸಿ ಅದ್ದಿದರೆ ಗಡುಸಾಗುವ ಉಕ್ಕು. ಉಳಿಯ ತುದಿ ಸರಳಿನ ನಟ್ಟನಡುವಿನ ಎತ್ತರಕ್ಕೆ ಇರಬೇಕು. ಅದನ್ನು ಪರೀಕ್ಷಿಸಲು ಒಂದು ಸುಲಭದ ಉಪಾಯವಿದೆ. ಉಳಿಯ ತುದಿಗೂ ಸರಳಿಗೂ ನಡುವೆ ತೆಳುವಾದ ಉಕ್ಕಿನ ಅಳತೆಪಟ್ಟಿಯನ್ನು ನಿಲ್ಲಿಸಿ ಮೆಲ್ಲಗೆ ಅಮುಕಿ. ಪಟ್ಟಿ ನೆಟ್ಟಗೆ ನಿಂತರೆ ಎತ್ತರ ಸರಿ. ಅದರ ತಲೆ ನಿಮ್ಮ ಕಡೆಗೆ ವಾಲಿದರೆ ಉಳಿ ತಗ್ಗಿನಲ್ಲಿದೆ. ಆಚೆಗೆ ವಾಲಿದರೆ ಎತ್ತರವಾಗಿದೆ. ವೇಗಕ್ಕೂ ಲೆಕ್ಕವಿದೆ. ಇಂಥ ಉಕ್ಕಿನ ಮೈ ಉಳಿಯ ಮುಂದೆ ನಿಮಿಷಕ್ಕೆ ಇಪ್ಪತ್ತು ಮೀಟರಿನಂತೆ ಸಾಗಿದರೆ ಹಿತ. ಈ ದಪ್ಪದ ಸರಳಿಗೆ ಅದು ನಿಮಿಷಕ್ಕೆ ಏಳೆಂಟುನೂರು ಸುತ್ತಾಗುತ್ತದೆ. ಹಿತ್ತಾಳೆಯಾದರೆ ಇದರ ಎರಡರಷ್ಟಾದರೂ ಓಡಿಸಬಹುದು.

ಎಲ್ಲವೂ ಸೊಗಸಾಗಿ ನಡೆಯಿತು. ಉಕ್ಕು ಸಣ್ಣ ಸುರುಳಿಗಳಾಗಿ ಕಳಚಿ ಬಿತ್ತು. ಅಳೆದೆ: 198. ಬೇಕಾದದ್ದು 188. ಇನ್ನು ಹತ್ತು ಥೌ ತೆಗೆಯಬೇಕು. ಜಾರುಮಣೆಯ ಹಿಡಿಯಲ್ಲಿ ಹತ್ತು ಗೆರೆ ಮುಂದಕ್ಕೆ ತಿರುಗಿಸಿ ಉಳಿಯನ್ನು ಓಡಿಸಿದೆ. ಮತ್ತೆ ಅಳೆದೆ: 178.

ತಪ್ಪು ಎಲ್ಲಿ ಎಂದು ನಿಮ್ಮಲ್ಲಿ ಜಾಣರು ಆಗಲೇ ಕಂಡುಕೊಂಡಿರಬೇಕು. ಸರಳು ತಿರುಗುತ್ತಿದೆ. ಉಳಿ ಹತ್ತು ಥೌ ಒಳಗೆ ಹೋದರೆ ಈ ಮಗ್ಗುಲಿನಿಂದ ಹತ್ತು, ಆ ಮಗ್ಗುಲಿನಿಂದ ಹತ್ತು, ಒಟ್ಟು ಇಪ್ಪತ್ತು ಹೋಗುತ್ತದೆ. ಮೊದಲನೆಯ ಪಾಠದಲ್ಲಿಯೇ ಹೇಳುವ ಮಾತು ಇದು. ನಾನೇ ಎಷ್ಟೋ ಹುಡುಗರಿಗೆ ಹೇಳಿದ್ದೇನೆ. ನನ್ನ ಮಾತು ನನ್ನ ಕೈಗೆ ಕೇಳಿಸಿರಲಿಲ್ಲ, ಅಷ್ಟೆ.

ಮರುದಿನ ಸಂಜೆ ಎದುರು ಮನೆಯವರು ಬಂದು ಬಾಗಿಲಲ್ಲಿ ನಿಂತಾಗ, "ಇನ್ನೊಂದು ದಿನ," ಎಂದೆ. ಅವರು ಏನೂ ಹೇಳದೆ ಹೋದರು. ಆ ರಾತ್ರಿ ಊಟವಾದ ಮೇಲೆ, ಕಣ್ಣು ಎಳೆಯುತ್ತಿರುವಾಗಲೇ ಎರಡನೆಯದಕ್ಕೆ ಕುಳಿತೆ. ಈ ಸಲ ದುಪ್ಪಟ್ಟಿನ ಲೆಕ್ಕ ಮರೆಯಲಿಲ್ಲ. 192ಕ್ಕೆ ಬಂದಿತ್ತು, ನಾಲ್ಕು ತೆಗೆಯಬೇಕು, ಹಿಡಿಯಲ್ಲಿ ಎರಡು ಗೆರೆ. ಕೈ ಜಾರಿ ನಾಲ್ಕು ಗೆರೆ ಹೋಯಿತು. ಹೋದರೇನು, ಎರಡು ಗೆರೆ ಹಿಂದಕ್ಕೆ ತಿರುಗಿಸಿದೆ. ಆದರೆ ಪ್ರತಿಯೊಂದು ತಿರುಪಿಗೂ ಅದರ ನಟ್ಟಿಗೂ ನಡುವೆ ಸ್ವಲ್ಪ ಸಡಿಲ ಇದ್ದೇ ಇರುತ್ತದೆ. ಹಿಡಿಯೇನೋ ಹಿಂದಕ್ಕೆ ಬಂತು, ಉಳಿ ಬರಲಿಲ್ಲ. ಎಂಟು ಥೌ ಹೋಗಿ ಭುಜ 184ಕ್ಕೆ ನಿಂತಿತು. ಗೆರೆ ದಾಟಿದಾಗ ಮಾಡಬೇಕಾದದ್ದು, ಅರ್ಧ ಸುತ್ತು ಪೂರಾ ಹಿಂದಕ್ಕೆ ಬಂದು, ಮತ್ತೆ ಮುಂದಕ್ಕೆ ನಡೆದು ಗೆರೆಯನ್ನು ಮುಟ್ಟುವುದು. ಅರ್ಧ ನಿಮಿಷದ ಕೆಲಸ. ಅದನ್ನು ಉಳಿಸಲು ಹೋಗಿ ಎರಡು ಗಂಟೆಯ ಕೆಲಸವನ್ನು ಕಳೆದುಕೊಂಡೆ.

ಮಣ್ಣು ಹೆಚ್ಚು ಹೋದರೆ ಕುಂಬಾರ ಮೆತ್ತಬಲ್ಲ. ಅಡಿಗೆಯವರು ಉಪ್ಪು ಕಡಮೆಯಾದರೆ ಬೆರೆಸಬಲ್ಲರು. ಬರೆಯುವವನು ಹೊಡೆದುಹಾಕಿ ತಿದ್ದಬಲ್ಲ. ಕಡೆದು ತೆಗೆದ ಲೋಹ ಮಾತ್ರ ಮರಳಿ ಬಾರದು. ನಾಲ್ಕು ಥೌ ತಾನೇ, ಯಾರಿಗೆ ಕಾಣುತ್ತದೆ, ಹಾಗೆಯೇ ಕೊಟ್ಟುಬಿಡೋಣ ಎಂಬ ಯೋಚನೆ ನನಗೆ ಬರಲಿಲ್ಲವೆಂದು ಹೇಳಿದರೆ ಸುಳ್ಳಾದೀತು. ಬಂತು. ಹೆಣ್ಣುಮಗಳಿಗೆ ತಿಳಿಯುವಂತಿರಲಿಲ್ಲ; ಒಂದೆರಡು ತಿಂಗಳು ಶಬ್ದವೂ ಕಡಮೆಯಿರುತ್ತಿತ್ತು. ಆದರೆ ಮೈಕ್ರೋಮೀಟರು ಮೇಜಿನ ಮೇಲಿತ್ತು, 184 ಎಂದು ಹೇಳುತ್ತಿತ್ತು. ಮಾಡ್ಸ್‌ಲೆ ತನ್ನ ಅಳತೆಯ ಯಂತ್ರಕ್ಕೆ ನ್ಯಾಯಾಧೀಶನ ಹೆಸರಿಟ್ಟದ್ದು ಏಕೆಂಬುದು ಆ ರಾತ್ರಿ ಚೆನ್ನಾಗಿ ಅರ್ಥವಾಯಿತು. ತಿರುಪನ್ನು ಕೆಟ್ಟ ತುಂಡುಗಳ ಡಬ್ಬಿಗೆ ಹಾಕಿ ಮಲಗಿದೆ.

ಮೂರನೆಯ ಸಂಜೆ ಇವೆರಡಕ್ಕಿಂತ ಕೆಟ್ಟದ್ದೊಂದು ನಡೆಯಿತು. ಅದನ್ನು ಹೇಳದೆ ಬಿಟ್ಟರೆ ಈ ಹವ್ಯಾಸದ ವಿಷಯ ನಿಮ್ಮೊಡನೆ ಮಾತನಾಡುವ ಹಕ್ಕು ನನಗಿಲ್ಲ. ಸರಳನ್ನು ಚಕ್ಕಿಗೆ ಬಿಗಿಯಲು ಒಂದು ಕೀಲಿಯಿರುತ್ತದೆ. ಬಿಗಿದ ಮೇಲೆ ಅದನ್ನು ತೆಗೆದಿಡಬೇಕು. ಕೈಯಲ್ಲಿ ಆ ಕೆಲಸ, ತಲೆಯಲ್ಲಿ ಹಿಂದಿನ ರಾತ್ರಿಯ ನಾಲ್ಕು ಥೌ. ಕೀಲಿ ಚಕ್ಕಿನಲ್ಲಿಯೇ ಇರುವಾಗ ಸ್ವಿಚ್ಚು ಒತ್ತಿದೆ. ಅದು ಹಾರಿಹೋಗಿ ಗೋಡೆಯ ಪಕ್ಕದ ಕಬ್ಬಿಣದ ಬೀರುವಿಗೆ ಬಡಿದು ಬಿತ್ತು. ಬೀರುವಿನ ಬಾಗಿಲಿನಲ್ಲಿ ನನ್ನ ಹೆಬ್ಬೆರಳು ಹಿಡಿಯುವಷ್ಟು ತಗ್ಗು ಇಂದಿಗೂ ಇದೆ. ಎರಡು ನಿಮಿಷದ ಹಿಂದೆ ನನ್ನ ಮೊಮ್ಮಗಳು ಅದೇ ಬೀರುವಿಗೆ ಒರಗಿ ನಿಂತು, "ತಾತಾ, ಇದು ಯಾಕೆ ತಿರುಗತ್ತೆ?" ಎಂದು ಕೇಳಿ ಒಳಗೆ ಹೋಗಿದ್ದಳು.

ಅಂದು ಮತ್ತೆ ಯಂತ್ರವನ್ನು ಮುಟ್ಟಲಿಲ್ಲ. ಆಗಿನಿಂದ ಒಂದು ನಿಯಮ ಮಾಡಿಕೊಂಡಿದ್ದೇನೆ: ಕೀಲಿ ಒಂದೋ ನನ್ನ ಕೈಯಲ್ಲಿರಬೇಕು, ಇಲ್ಲವೇ ಗೋಡೆಯ ಮೊಳೆಯಲ್ಲಿರಬೇಕು, ಚಕ್ಕಿನಲ್ಲಿ ಬಿಟ್ಟು ಕೈ ತೆಗೆಯುವುದೆಂಬುದಿಲ್ಲ. ಇನ್ನುಳಿದ ನಿಯಮಗಳನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಕಣ್ಣಿಗೆ ಕನ್ನಡಕವಿಲ್ಲದೆ ಸ್ವಿಚ್ಚು ಮುಟ್ಟಬಾರದು. ಉದ್ದ ತೋಳಿನ ಅಂಗಿ, ಜೋಲುವ ಪಂಚೆ, ವೇಲು, ಸೆರಗು, ಬಿಚ್ಚಿದ ಕೂದಲು, ಉಂಗುರ, ಬಳೆ, ಕೈಗಡಿಯಾರ ಇವು ಯಾವುವೂ ಲೇತಿನ ಹತ್ತಿರ ಬರಬಾರದು. ತಿರುಗುವ ಯಂತ್ರ ಬಟ್ಟೆಯ ಒಂದೆಳೆಯನ್ನು ಹಿಡಿದರೆ ಆಸಾಮಿಯನ್ನೇ ಎಳೆದುಕೊಳ್ಳುತ್ತದೆ. ಕೈಗವಸು ರಕ್ಷಣೆ ಎಂದು ತೋರುತ್ತದೆ. ಲೇತಿನ ಮುಂದೆ ಅದೂ ಶತ್ರುವೇ. ಬಿಸಿ ಸುರುಳಿಗಳನ್ನು ಬೆರಳಿನಿಂದ ಎಳೆಯಬಾರದು, ಯಂತ್ರ ನಿಲ್ಲಿಸಿ ಬ್ರಷ್ಷಿನಿಂದ ಗುಡಿಸಬೇಕು. ಅವು ಕತ್ತಿಯಷ್ಟೇ ಹರಿತ. ಮಕ್ಕಳು ನೋಡಲು ಬಂದರೆ ಬೇಡವೆನ್ನಬೇಡಿ. ಅವರಿಗೂ ಕನ್ನಡಕ ಹಾಕಿ, ಚಕ್ಕಿನ ನೇರಕ್ಕಲ್ಲದ ಒಂದು ಜಾಗದಲ್ಲಿ ನಿಲ್ಲಿಸಿ. ಎಲ್ಲಕ್ಕಿಂತ ಮಿಗಿಲಾಗಿ, ದಣಿದಾಗ, ಸಿಟ್ಟು ಬಂದಾಗ, ಅವಸರವಿದ್ದಾಗ ಯಂತ್ರದ ಹತ್ತಿರ ಹೋಗಬೇಡಿ. ಉಕ್ಕಿಗೆ ಗೆರೆ ತಪ್ಪಿದರೆ ಇನ್ನೊಂದು ಸರಳು ಸಿಕ್ಕೀತು. ಬೆರಳಿಗೆ ತಪ್ಪಿದರೆ ಇನ್ನೊಂದು ಸಿಕ್ಕದು.

ನಾಲ್ಕನೆಯ ಸಂಜೆ ಬೇರೆ ರೀತಿಯಲ್ಲಿ ಕೆಲಸಕ್ಕೆ ನಿಂತೆ. ಮೊದಲು ಹೊಲಿಗೆಯವರ ಮನೆಗೆ ಹೋಗಿ, ಎರಡು ಕೆಡಿಸಿದೆನೆಂದು ಇದ್ದುದನ್ನು ಇದ್ದಂತೆ ಹೇಳಿದೆ. ಅವರು ನಕ್ಕು, "ರವಿಕೆಯಾದರೂ ಅಷ್ಟೇ ಮೇಷ್ಟ್ರೇ, ಕತ್ತರಿ ಆಡಿಸಿದ ಮೇಲೆ ಬಟ್ಟೆ ಕೂಡ್ಕೊಳ್ಳಲ್ಲ. ಶುಕ್ರವಾರದ ತನಕ ನೋಡ್ತೀನಿ," ಎಂದರು. ನಾನು ಎರಡು ದಿನ ಕೆಡಿಸಿ ಕಲಿತುದನ್ನು ಅವರು ಒಂದು ಮಾತಿನಲ್ಲಿ ಹೇಳಿದ್ದರು.

ಈ ಸಲ ಭುಜವನ್ನು 191ಕ್ಕೆ ತಂದು ನಿಲ್ಲಿಸಿದೆ. ಸರಳು ತಣ್ಣಗಾಗಲು ಬಿಟ್ಟು ಮೂರು ಕಡೆ ಅಳೆದೆ, ಕಾಗದದ ಮೇಲೆ ಬರೆದೆ. ಉಳಿಯನ್ನು ಹೊಸದಾಗಿ ಮಸೆದು, ಒಂದು ಗೆರೆ ಮುಂದಿಟ್ಟು ಓಡಿಸಿದೆ: 189. ಅರ್ಧ ಗೆರೆ: 188. ಅಲ್ಲಿಗೆ ಕೈ ತೆಗೆದೆ. ಸರಳನ್ನು ಚಕ್ಕಿನಿಂದ ಬಿಚ್ಚದೆ ಅದೇ ಹಿಡಿತದಲ್ಲಿ ತುದಿಯನ್ನು ತಿರುಪಿನ ದಪ್ಪಕ್ಕೆ ಕಡೆದೆ. ಒಂದೇ ಹಿಡಿತದಲ್ಲಿ ಮಾಡಿದರೆ ಭುಜ, ತಿರುಪು ಎರಡಕ್ಕೂ ನಡು ಒಂದೇ ಆಗಿರುತ್ತದೆ. ಬಿಚ್ಚಿ ಮತ್ತೆ ಕಚ್ಚಿಸಿದರೆ ನಡು ತಪ್ಪುತ್ತದೆ.

ಇನ್ನು ಉಳಿದದ್ದು ತಿರುಪಿನ ಸುತ್ತುಗಳು. ಹೊಲಿಗೆ ಯಂತ್ರದ ತಿರುಪುಗಳು ಪೇಟೆಯ ಮಾಮೂಲು ಅಳತೆಗೆ ಹೊಂದುವುದು ಅಪರೂಪ. ಇದರ ದಪ್ಪ ಅಂಗುಲದ 64ರಲ್ಲಿ 9 ಪಾಲು. ಸುತ್ತುಗಳನ್ನು ಎಣಿಸಿದರೆ ಅಂಗುಲಕ್ಕೆ 40. ಮೈಕ್ರೋಮೀಟರಿನ ಒಳಗೆ ಇರುವಷ್ಟೇ. ಇಂಥದ್ದಕ್ಕೆ ಅಂಗಡಿಯಲ್ಲಿ ಡೈ ಸಿಕ್ಕಲಿಲ್ಲ. ಲೇತಿನಲ್ಲಿಯೇ ಕೊರೆಯಬೇಕು. ಇಲ್ಲಿ ಹಲ್ಲುಚಕ್ರಗಳ ಲೆಕ್ಕ ಬರುತ್ತದೆ. ಇದು ಶಾಲೆಯ ಮಕ್ಕಳಿಗೂ ತಿಳಿಯುವಂಥ ಲೆಕ್ಕ. ನನ್ನ ಲೇತಿನ ತಿರುಪುಗೋಲಿಗೆ ಅಂಗುಲಕ್ಕೆ 8 ಸುತ್ತು. ನನಗೆ ಬೇಕಾದದ್ದು 40. ಅಂದರೆ ಸರಳು ಐದು ಸಲ ತಿರುಗುವಷ್ಟರಲ್ಲಿ ತಿರುಪುಗೋಲು ಒಂದೇ ಸಲ ತಿರುಗಬೇಕು. 25 ಹಲ್ಲಿನ ಚಕ್ರದಿಂದ 50 ಹಲ್ಲಿನದನ್ನು ನಡೆಸಿದರೆ ವೇಗ ಅರ್ಧವಾಯಿತು. ಅದರ ಜೊತೆಗಿನ 30 ಹಲ್ಲಿನದರಿಂದ 75ರದನ್ನು ನಡೆಸಿದರೆ ಐದರಲ್ಲಿ ಎರಡು ಪಾಲಾಯಿತು. ಅರ್ಧದ ಐದರಲ್ಲೆರಡು, ಅಂದರೆ ಐದರಲ್ಲೊಂದು. ಹೊಸ ಲೇತುಗಳಲ್ಲಿ ಎಷ್ಟೋ ಮಿಲಿಮೀಟರಿನ ಲೆಕ್ಕದವು. ಅವುಗಳಲ್ಲಿ ಅಂಗುಲದ ತಿರುಪನ್ನು ತಪ್ಪಿಲ್ಲದೆ ಕೊರೆಯಬೇಕಾದರೆ 127 ಹಲ್ಲಿನ ಚಕ್ರ ಬೇಕು. ಏಕೆಂದರೆ ಅಂಗುಲಕ್ಕೆ 25.4 ಮಿಲಿಮೀಟರು, ಐದು ಅಂಗುಲಕ್ಕೆ ಸರಿಯಾಗಿ 127. ಆ ಸಂಖ್ಯೆಯನ್ನು ಇನ್ನಾವುದರಿಂದಲೂ ಭಾಗಿಸಲಾಗದು. ಎರಡು ಅಳತೆಯ ಲೋಕಗಳ ನಡುವೆ ಅದೊಂದೇ ಸೇತುವೆ.

ಉಳಿಯ ತುದಿಯನ್ನು ಹಳೆಯ ತಿರುಪಿನ ಸುತ್ತುಗಳ ನಡುವೆ ಸರಿಯಾಗಿ ಕೂರುವಂತೆ ಮಸೆದೆ. ಸುತ್ತಿನ ಆಳ ಸುಮಾರು 15 ಥೌ. ಅದನ್ನು ಒಂದೇ ಸಲಕ್ಕೆ ತೆಗೆಯಲಾಗದು, ಒಂದು ಎರಡು ಥೌನಂತೆ ಹಲವು ಸಲ ಓಡಿಸಬೇಕು. ಭುಜದ ಹತ್ತಿರ ನಿಲ್ಲಿಸುವುದೇ ಕಷ್ಟ. ಕ್ಷಣ ತಡೆದರೆ ಉಳಿ ಭುಜಕ್ಕೆ ಗುದ್ದಿ ಎಲ್ಲ ಹಾಳು. ಆದುದರಿಂದ ಮೋಟಾರನ್ನು ಪೂರ್ತಿ ಆರಿಸಿ, ಚಕ್ಕನ್ನು ಕೈಯಿಂದಲೇ ತಿರುಗಿಸಿ ಕೊರೆದೆ. ನಮ್ಮ ಮನೆಯಾಕೆ ಬಂದು ನೋಡಿ, "ಮೋಟಾರು ಇಟ್ಟುಕೊಂಡು ಕೈಯಲ್ಲಿ ತಿರುಗಿಸೋದು ಯಾವ ಭಾಗ್ಯಕ್ಕೆ?" ಎಂದು ಕೇಳಿದರು. ಹೊರಗಿನವರಿಗೆ ಹಾಗೆಯೇ ತೋರುವುದು.

ಐದನೆಯ ಸಂಜೆ ಸರಳಿನಿಂದ ತುಂಡರಿಸಿ, ತಲೆಯಲ್ಲಿ ತಿರುಪುಳಿಗೆ ಗೀರು ಹಾಕಿ, ಗಡುಸು ಮಾಡುವುದಕ್ಕೆ ತೊಡಗಿದೆ. ಮಬ್ಬು ಬೆಳಕಿನಲ್ಲಿ ಊದುದೀಪದ ಉರಿಗೆ ಹಿಡಿದು, ಮಾಗಿದ ಚೆರ್ರಿ ಹಣ್ಣಿನ ಕೆಂಪು ಬಂದೊಡನೆ ನೀರಿನಲ್ಲಿ ಅದ್ದಿದರೆ ಈ ಉಕ್ಕು ಗಾಜಿನಂತೆ ಗಡುಸಾಗುತ್ತದೆ. ಅರ ಹಾಕಿದರೆ ಅರ ಜಾರುತ್ತದೆ. ಆದರೆ ಗಾಜಿನಂತೆಯೇ ಮುರಿಯುತ್ತದೆ ಕೂಡ. ಆದುದರಿಂದ ಮೈಯನ್ನು ಹೊಳಪು ಮಾಡಿ ಮತ್ತೆ ಮೆಲ್ಲಗೆ ಕಾಸಬೇಕು. ಆಗ ಬಣ್ಣಗಳು ಬರುತ್ತವೆ. ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ, ಕೊನೆಗೆ ನೀಲಿ. ಕೊರೆಯುವ ಉಳಿಗಾದರೆ ಹಳದಿಯಲ್ಲಿ ನಿಲ್ಲಿಸಬೇಕು; ಹೊಡೆತ ತಿನ್ನುವ ತಿರುಪಿಗೆ ನೀಲಿ, ಅಂದರೆ ಸುಮಾರು 300 ಡಿಗ್ರಿ ಸೆಂಟಿಗ್ರೇಡ್. ಇದನ್ನು ನೋಡಲು ಮೊಮ್ಮಗಳನ್ನು ಕರೆದೆ. ಕನ್ನಡಕ ಹಾಕಿಕೊಂಡು ದೂರದ ಮಣೆಯ ಮೇಲೆ ಕುಳಿತ ಮಗು, ಬಣ್ಣ ಹಚ್ಚದೆಯೇ ಬಣ್ಣ ಬಂತಲ್ಲ ಎಂದು ಕೈತಟ್ಟಿತು. ಉಕ್ಕಿನ ಮೈಮೇಲೆ ಗಾಳಿ ಸೋಕಿ ಕಟ್ಟುವ ತೆಳುವಾದ ಪೊರೆಯೇ ಹಾಗೆ ಬಣ್ಣವಾಗಿ ಕಾಣುತ್ತದೆ. ಸಾಬೂನಿನ ಗುಳ್ಳೆಯಲ್ಲಿ ಕಾಣುವುದಿಲ್ಲವೆ, ಹಾಗೆ.

ಶುಕ್ರವಾರ ಬೆಳಿಗ್ಗೆ ಎದುರು ಮನೆಯಲ್ಲಿ ತಿರುಪನ್ನು ಕೂರಿಸಿ, ಒಂದು ತೊಟ್ಟು ಎಣ್ಣೆ ಬಿಟ್ಟು, ಸನ್ನೆಯನ್ನು ಬೆರಳಿನಿಂದ ಆಡಿಸಿದೆ. ತಡೆಯಿಲ್ಲ, ಅಲುಗಾಟವೂ ಇಲ್ಲ. ಅವರು ಒಂದು ಹಳೆಯ ಚಿಂದಿಯನ್ನು ಇಟ್ಟು ತುಳಿದರು. ಕಟಕಟ ಹೋಗಿತ್ತು. ಹೊಲಿಗೆ ಮಟ್ಟವಾಗಿ ಬಿತ್ತು. ಎರಡು ವರ್ಷವಾಯಿತು, ಯಂತ್ರ ಇನ್ನೂ ನಡೆಯುತ್ತಿದೆ. ಚಿರಕಾಲ ನಡೆಯುತ್ತದೆಂದು ನಾನು ಹೇಳುವುದಿಲ್ಲ. ಸನ್ನೆಯ ತೂತು ಸವೆಯುತ್ತಲೇ ಇದೆ, ಇನ್ನೊಂದು ದಿನ ಅದರ ಸರದಿ ಬರುತ್ತದೆ. ದುಡ್ಡು ಕೊಡಲು ಬಂದರು, ನಾನು ಒಲ್ಲೆನೆಂದೆ. ಆಮೇಲೆ ಅವರು ಗಟ್ಟಿ ಬಟ್ಟೆಯ, ಗಿಡ್ಡ ತೋಳಿನ, ಮೈಗೆ ಒತ್ತಿ ಕೂರುವ ಒಂದು ಅಂಗಿಯನ್ನು ಹೊಲಿದುಕೊಟ್ಟರು. ಲೇತಿನ ಮುಂದೆ ನಿಲ್ಲುವಾಗ ಅದನ್ನೇ ಹಾಕುತ್ತೇನೆ.

ಇಷ್ಟು ಕೇಳಿದ ಮೇಲೆ, ಇದಕ್ಕೆ ಖರ್ಚೆಷ್ಟು, ಲಾಭವೆಷ್ಟು ಎಂದು ನೀವು ಕೇಳುವುದು ನ್ಯಾಯವೇ. ಲಾಭದ ಲೆಕ್ಕ ಹಿಡಿದರೆ ಈ ಹವ್ಯಾಸ ನಿಲ್ಲುವುದಿಲ್ಲ. ಲೇತಿನ ಬೆಲೆಯಲ್ಲಿ ಹೊಲಿಗೆ ಯಂತ್ರಗಳನ್ನೇ ಸಾಲಾಗಿ ಕೊಳ್ಳಬಹುದು. ಆದುದರಿಂದ ಮೊದಲೇ ಲೇತು ತರಲು ಹೊರಡಬೇಡಿ. ಒಂದು ಗಟ್ಟಿ ಬೆಂಚು, ಅದಕ್ಕೆ ಬಿಗಿದ ವೈಸ್, ಎರಡು ಅರ, ಒಂದು ಹ್ಯಾಕ್ಸಾ, ಒಂದು ಮೂಲೆಮಟ್ಟ, ಅಂಗೈಯಗಲದ ಹಿತ್ತಾಳೆ ತುಂಡು ಇಷ್ಟು ಸಾಕು. ಆ ತುಂಡಿನ ಆರು ಮುಖಗಳನ್ನೂ ಅರದಿಂದ ಉಜ್ಜಿ ಮಟ್ಟ ಮಾಡಿ, ಮೂಲೆಗಳನ್ನು ಮೂಲೆಮಟ್ಟಕ್ಕೆ ತನ್ನಿ. ಬೆಳಕಿಗೆ ಹಿಡಿದಾಗ ಮಟ್ಟಕ್ಕೂ ಲೋಹಕ್ಕೂ ನಡುವೆ ಬೆಳಕು ಇಣುಕದಿದ್ದರೆ ಗೆದ್ದಿರಿ. ಸುಲಭವೆಂದು ತೋರುತ್ತದೆ; ಒಂದು ತಿಂಗಳಾದರೂ ಹಿಡಿದೀತು. ಅದರಲ್ಲಿ ರುಚಿ ಹತ್ತಿದರೆ ಆಮೇಲೆ ಲೇತಿನ ಯೋಚನೆ ಮಾಡಿ. ಆಗಲೂ ಹೊಸ ಬೆಳಗುವ ಯಂತ್ರಕ್ಕಿಂತ, ಬಲ್ಲವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ ಆರಿಸಿದ ಹಳೆಯ ಯಂತ್ರ ಎಷ್ಟೋ ಸಲ ಮೇಲು. ನೆಲಮನೆಯಲ್ಲಿ ಇಡಿ, ರಾತ್ರಿ ಒಂಬತ್ತರ ಮೇಲೆ ಓಡಿಸಬೇಡಿ, ನೆರೆಯವರೂ ಮನುಷ್ಯರು.

ನಮ್ಮ ಮನೆಗಳಲ್ಲಿ ಇಂದು ಮುರಿದುದನ್ನು ಬಿಸಾಡಿ ಹೊಸದನ್ನು ತರುವುದು ವಾಡಿಕೆಯಾಗಿದೆ. ಬಿಸಾಡುವ ಮೊದಲು ಒಮ್ಮೆ ಬಿಚ್ಚಿ ನೋಡಿ. ಯಂತ್ರವೆಲ್ಲ ಕೆಟ್ಟಿರುವುದು ಅಪರೂಪ. ಕೆಟ್ಟಿರುವುದು ಎಲ್ಲೋ ಒಂದು ಪುಟ್ಟ ಭಾಗ. ಅದನ್ನು ನೀವೇ ಮಾಡಲಾಗದಿರಬಹುದು, ಚಿಂತೆಯಿಲ್ಲ. ಯಾವುದು ಕೆಟ್ಟಿದೆ, ಎಷ್ಟು ಕೆಟ್ಟಿದೆ ಎಂದು ಅಳೆದು ಹೇಳುವಷ್ಟಾದರೂ ಕಲಿತರೆ ನಮ್ಮೂರಿನ ಸಣ್ಣ ಲೇತಿನಂಗಡಿಯವನು ಉಳಿದದ್ದನ್ನು ಮಾಡಿಕೊಟ್ಟಾನು. ಮಕ್ಕಳ ಕೈಗೂ ಒಂದು ಅರವನ್ನು ಕೊಡಿ. ಪರೀಕ್ಷೆಯ ಅಂಕಗಳಲ್ಲಿ ಕೃಪಾಂಕ ಸಿಕ್ಕಬಹುದು. ಅರದ ಕೆಲಸದಲ್ಲಿ ಸಿಕ್ಕದು. ಹೊಂದಿತೋ ಹೊಂದಿತು, ಇಲ್ಲವೋ ಇಲ್ಲ.

ನನ್ನ ಬೆಂಚಿನ ಮೇಲೆ ಒಂದು ಹಳೆಯ ಕಾಫಿಪುಡಿ ಡಬ್ಬಿಯಿದೆ. ಕೆಡಿಸಿದ ತುಂಡುಗಳೆಲ್ಲ ಅದರಲ್ಲಿವೆ. 178ರದೂ ಇದೆ, 184ರದೂ ಇದೆ. ಹೊಸ ಕೆಲಸವನ್ನು ಚಕ್ಕಿಗೆ ಕಚ್ಚಿಸುವ ಮೊದಲು ಆ ಡಬ್ಬಿಯನ್ನೊಮ್ಮೆ ಅಲುಗಿಸುತ್ತೇನೆ. ಅದರ ಶಬ್ದ ಕೇಳಿ, ಕೀಲಿ ಗೋಡೆಯ ಮೊಳೆಯಲ್ಲಿದೆಯೇ ಎಂದು ನೋಡಿ, ಆಮೇಲೆ ಸ್ವಿಚ್ಚು ಒತ್ತುತ್ತೇನೆ.